ಹಳ್ಳದಾಚೆಯ ಹನ್ನೊಂದು ಮನೆ: ಒಂದು ಕಾಲುಸಂಕದ ಪ್ರಕರಣ

ಇದು ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದ ಒಂದು ತಾಲ್ಲೂಕಿನಲ್ಲಿ ನಡೆದದ್ದು. ಊರಿನ ಹೆಸರಾಗಲಿ, ಹಳ್ಳದ ಹೆಸರಾಗಲಿ, ಜನರ ಹೆಸರಾಗಲಿ ಇಲ್ಲಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಕಾಲುಸಂಕ, ಅಂದರೆ ಹಳ್ಳ ದಾಟುವ ಸಣ್ಣ ಸೇತುವೆ, ಇಲ್ಲದೆ ಶಾಲೆ ಬಿಟ್ಟ ಒಬ್ಬ ಹುಡುಗಿಯ ಕಥೆ ಇದು. ಹುಡುಗಿಯ ತಾಯಿಗೆ ಪೂರ್ತಿ ಓದಿ ಹೇಳಿದೆ. ‘ಬರೀರಿ ಅಕ್ಕ, ಇನ್ನೊಬ್ರಿಗಾದ್ರೂ ಉಪಯೋಗ ಆಗ್ಲಿ’ ಎಂದರು. ಆಮೇಲೆಯೇ ಇದನ್ನು ಹೊರಗೆ ಬಿಡುತ್ತಿದ್ದೇನೆ.

ನಮ್ಮದು ಐದು ಜನರ ಸಣ್ಣ ಗುಂಪು. ಭಾನುವಾರ ಮಧ್ಯಾಹ್ನ ಊರ ಗ್ರಂಥಾಲಯದ ಜಗುಲಿಯಲ್ಲಿ ಕೂತು, ಬಂದವರಿಗೆ ಅರ್ಜಿ, ದೂರು ಬರೆದುಕೊಡುತ್ತೇವೆ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಹೋಗುವ ದೂರುಗಳಲ್ಲಿ ಎಷ್ಟೋ ಒಂದೇ ಜಾಗದಲ್ಲಿ ಮುಗ್ಗರಿಸುವುದನ್ನು ನೋಡುತ್ತಾ ಬಂದಿದ್ದೇವೆ. ದೂರು ಬರೆಯುವಾಗ ಅಲ್ಲ, ಇಲಾಖೆಯ ವರದಿ ತಿರುಗಿ ಬಂದಾಗ. ಅದು ಹೇಗೆಂದು ಈ ಪ್ರಕರಣದಷ್ಟು ಚೆನ್ನಾಗಿ ಬೇರೆ ಯಾವುದೂ ನನಗೆ ಕಲಿಸಿಲ್ಲ.

ಊರು, ಹಳ್ಳ, ಸಂಕ

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ನೀರು ನಿಂತಾಗ ಮುಳುಗಿದ ಊರುಗಳಿಂದ ಎದ್ದು ಬಂದವರ ಮಕ್ಕಳು, ಮೊಮ್ಮಕ್ಕಳು ಹಳ್ಳದಾಚೆಯ ಈ ಊರಿನವರು. ಲಾರಿಯಲ್ಲಿ ಪಾತ್ರೆ, ದನ, ಬಾಗಿಲು, ಕಂಬ ಎಲ್ಲ ಹೇರಿ ತಂದು ಕಾಡಂಚಿನಲ್ಲಿ ಇಳಿಸಿ ಹೋದರು ಎಂದು ಅಲ್ಲಿನ ಅಜ್ಜಿ ಈಗಲೂ ಹೇಳುತ್ತಾರೆ. ಹನ್ನೊಂದು ಮನೆ. ಮನೆಗೆ ಅರ್ಧ ಮುಕ್ಕಾಲು ಎಕರೆ ಅಡಿಕೆ, ಒಂದಿಷ್ಟು ಗದ್ದೆ, ಉಳಿದದ್ದು ಕೂಲಿ. ಪಹಣಿಯಲ್ಲಿ ಆ ಜಾಗ ಇವತ್ತಿಗೂ ಅರಣ್ಯ.

ಊರಿಗೂ ಡಾಂಬರು ರಸ್ತೆಗೂ ನಡುವೆ ಹಳ್ಳ. ಬೇಸಿಗೆಯಲ್ಲಿ ಪಾದ ನೆನೆಯುವಷ್ಟು ನೀರು. ಆರಿದ್ರಾ ಮಳೆ ಹಿಡಿಯಿತೆಂದರೆ ಅದೇ ಹಳ್ಳ ಎರಡಾಳು ಎತ್ತರ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಘಟ್ಟದ ಸಾಲಿನಲ್ಲೇ ಇರುವ ಈ ಹನ್ನೊಂದು ಮನೆಗೆ ಮಳೆಯೆಂದರೆ ನಾಲ್ಕು ತಿಂಗಳ ದಿಗ್ಬಂಧನ. ಅಕ್ಕಿ, ಸೀಮೆಎಣ್ಣೆ, ಒಣಮೀನು ಎಲ್ಲ ಮೇ ತಿಂಗಳಲ್ಲೇ ಹೊತ್ತು ತಂದಿಡಬೇಕು. ಹೆರಿಗೆ ದಿನ ಹತ್ತಿರ ಬಂದವರನ್ನು ಮಳೆಗೆ ಮೊದಲೇ ತವರಿಗೋ ನೆಂಟರ ಮನೆಗೋ ಕಳಿಸಬೇಕು.

ಸಂಕ ಅವರೇ ಕಟ್ಟುತ್ತಿದ್ದರು. ಮೇ ಕೊನೆಯಲ್ಲಿ ಮನೆಗೊಂದು ಆಳು. ಉದ್ದದ ಮೂರು ಅಡಿಕೆ ಮರ ಕಡಿದು ಅಡ್ಡ ಹಾಕುವುದು, ಹಗ್ಗದಲ್ಲಿ ಬಿಗಿಯುವುದು, ಒಂದು ಪಕ್ಕಕ್ಕೆ ಕೈ ಹಿಡಿಯಲು ಬಿದಿರು ಕಟ್ಟುವುದು. ಹದಿನೈದು ದಿನ ಮಳೆ ಬಂದರೆ ಅಡಿಕೆ ಮರದ ಮೇಲೆ ಹಸಿರು ಪಾಚಿ. ದೊಡ್ಡವರು ಬರಿಗಾಲಲ್ಲಿ, ಹೆಬ್ಬೆರಳು ಊರಿ, ಪಕ್ಕಪಕ್ಕಕ್ಕೆ ಹೆಜ್ಜೆ ಹಾಕುತ್ತಾರೆ. ಮಕ್ಕಳು ಬೆನ್ನಿಗೆ ಶಾಲೆ ಚೀಲ, ಅದರ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಅದರ ಮೇಲೇ ದಾಟಬೇಕು.

ಹುಡುಗಿಗೆ ಆಗ ಹನ್ನೆರಡು ವರ್ಷ, ಏಳನೇ ಕ್ಲಾಸು. ಜುಲೈ ತಿಂಗಳ ಒಂದು ಸಂಜೆ ನಡುವಿನ ಮರ ಉರುಳಿತು. ಬಿದಿರು ಕೈಗೆ ಸಿಕ್ಕಿತು, ಅವಳು ಉಳಿದಳು. ಚೀಲ ಹೋಯಿತು. ಎರಡು ದಿನಕ್ಕೆ ಸಂಕವೂ ಹೋಯಿತು. ಸೆಪ್ಟೆಂಬರಿನವರೆಗೆ ಅವಳು ಸರಿಯಾಗಿ ಶಾಲೆ ಕಾಣಲಿಲ್ಲ. ಹೇಗೋ ಪಾಸಾದಳು. ಮರುವರ್ಷ ಜೂನ್‌ನಲ್ಲಿ ತಾಯಿ ಕಳಿಸಲಿಲ್ಲ. ‘ಜೀವ ಇದ್ರೆ ಬೆಲ್ಲ ಬೇಡಿ ತಿನ್ಬಹುದು’ ಅಂದರಂತೆ ಮೇಷ್ಟ್ರಿಗೆ. ಆ ತಾಯಿಯನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

ಮೊದಲು ತುಳಿದ ದಾರಿಗಳು

ನಮ್ಮ ಬಳಿ ಬರುವ ಹೊತ್ತಿಗೆ ಅವರು ಸುಮ್ಮನೆ ಕೂತಿರಲಿಲ್ಲ. ಗ್ರಾಮ ಪಂಚಾಯಿತಿಗೆ ನಾಲ್ಕು ಅರ್ಜಿ ಕೊಟ್ಟಿದ್ದರು, ತಾಲ್ಲೂಕು ಮಟ್ಟದ ಸಭೆಯಲ್ಲಿ ಎರಡು ಸಲ ಮನವಿ ಓದಿದ್ದರು. ಪ್ರತಿ ಸಲವೂ ‘ಎಸ್ಟಿಮೇಟ್ ಆಗಿದೆ, ಅರಣ್ಯದವರ ಒಪ್ಪಿಗೆ ಬಂದಿಲ್ಲ’ ಎಂಬ ಒಂದೇ ಮಾತು. ಅರಣ್ಯದವರನ್ನು ಕೇಳಿದರೆ ‘ನಮಗೆ ಯಾರೂ ಅರ್ಜಿಯನ್ನೇ ಕೊಟ್ಟಿಲ್ಲ’.

ಇನ್ನೊಂದು ದಾರಿಯನ್ನೂ ತುಳಿದಿದ್ದರು. ಅದನ್ನು ಹೇಳಲೇಬೇಕು. ಕಾರಿನ ಮುಂದೆ ಕೆಂಪು ಅಕ್ಷರದಲ್ಲಿ ‘ಮಾನವ ಹಕ್ಕು’ ಎಂದು ಬೋರ್ಡು ಹಾಕಿಕೊಂಡ ಒಬ್ಬರು ಊರಿಗೆ ಬಂದು, ತಾನು ಆಯೋಗದ ಜಿಲ್ಲಾ ಅಧ್ಯಕ್ಷ ಎಂದು ಹೇಳಿ, ಕೇಸು ಹಾಕಲು ಮನೆಗೆ 300 ರೂಪಾಯಿಯಂತೆ 3,300 ರೂಪಾಯಿ ಎತ್ತಿಕೊಂಡು ಹೋಗಿದ್ದರು. ಆಮೇಲೆ ಫೋನಿಗೆ ಸಿಗಲಿಲ್ಲ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಇರುವುದು ದಿಲ್ಲಿಯ ರಾಷ್ಟ್ರೀಯ ಆಯೋಗ, ರಾಜ್ಯ ರಾಜ್ಯಗಳ ಆಯೋಗ, ಅಷ್ಟೇ. ಆಯೋಗಕ್ಕೆ ಜಿಲ್ಲಾ ಅಧ್ಯಕ್ಷರಿಲ್ಲ, ತಾಲ್ಲೂಕು ಅಧ್ಯಕ್ಷರಿಲ್ಲ, ಸದಸ್ಯತ್ವದ ಕಾರ್ಡಿಲ್ಲ. ದೂರಿಗೆ ಒಂದು ಪೈಸೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಕನ್ನಡದಲ್ಲಿ ಬಿಳಿ ಹಾಳೆಯ ಮೇಲೆ ಕೈಯಲ್ಲಿ ಬರೆದರೂ ಸಾಕು. ಇದನ್ನು ಹೇಳಿದಾಗ ಊರಿನ ಹಿರಿಯರೊಬ್ಬರು ಬಹಳ ಹೊತ್ತು ಸುಮ್ಮನಿದ್ದರು. ಆ 300 ರೂಪಾಯಿ ಅವರಿಗೆ ಒಂದು ದಿನದ ಅಡಿಕೆ ಸುಲಿದ ಕೂಲಿಗಿಂತ ಹೆಚ್ಚು.

ಈ ಮೋಸದಿಂದ ದುಡ್ಡು ಹೋದದ್ದಷ್ಟೇ ಅಲ್ಲ. ‘ಮಾನವ ಹಕ್ಕು’ ಎಂಬ ಮಾತಿನ ಮೇಲೇ ಊರಿಗೆ ನಂಬಿಕೆ ಹೋಗಿತ್ತು. ನಾವು ಮೊದಲ ಸಲ ಹೋದಾಗ ಕಾಫಿ ಕೊಟ್ಟರು, ಕಾಗದ ಕೊಡಲಿಲ್ಲ. ಮೂರನೇ ಸಲ ಹೋದಾಗ ತಾಯಿ ಬಾಯಿಬಿಟ್ಟರು.

ಮೊದಲ ಪತ್ರ

ಬರೆಯಲು ಕೂತಾಗ ನಾಲ್ಕು ವಿಷಯ ತೀರ್ಮಾನ ಆಗಬೇಕಿತ್ತು.

ಮೊದಲನೆಯದು, ಏನನ್ನು ದೂರುವುದು. ‘ನಮಗೆ ಸೇತುವೆ ಮಾಡಿಸಿಕೊಡಿ’ ಎಂದು ಬರೆದರೆ ಅದು ಮನವಿ. ಅಂಥ ಮನವಿಗೆ ಶಾಸಕರಿದ್ದಾರೆ, ಪಂಚಾಯಿತಿ ಇದೆ. ಆಯೋಗ ನೋಡುವುದು ಹಕ್ಕಿನ ಉಲ್ಲಂಘನೆಯನ್ನು, ಅಥವಾ ಉಲ್ಲಂಘನೆಯನ್ನು ತಡೆಯುವಲ್ಲಿ ಸರ್ಕಾರಿ ನೌಕರರು ತೋರಿದ ನಿರ್ಲಕ್ಷ್ಯವನ್ನು. ಹಾಗಾಗಿ ಹುಡುಗಿಯಿಂದ ಶುರು ಮಾಡಿದೆವು. ಸಂವಿಧಾನದ 21ಎ ವಿಧಿ 6ರಿಂದ 14 ವರ್ಷದ ಮಗುವಿಗೆ ಶಿಕ್ಷಣದ ಹಕ್ಕು ಕೊಟ್ಟಿದೆ. ಈ ಮಗು ಆ ಹಕ್ಕನ್ನು ಇಂಥ ದಿನದಿಂದ ಕಳೆದುಕೊಂಡಿದೆ. ಕಳೆದುಕೊಳ್ಳುತ್ತದೆಂದು ಇಂಥ ಇಂಥ ಕಚೇರಿಗೆ ಇಂಥ ದಿನ ಗೊತ್ತಿತ್ತು, ಇದೋ ಸ್ವೀಕೃತಿ ಮೊಹರು. ಸೇತುವೆ ಎಂಬ ಪದ ಎರಡನೇ ಪುಟಕ್ಕೆ ಹೋಯಿತು.

ಎರಡನೆಯದು ತಾರೀಖು. ಕಾಯ್ದೆಯ 36ನೇ ಕಲಮಿನ ಪ್ರಕಾರ ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ವಿಚಾರಣೆ ಮಾಡುವಂತಿಲ್ಲ. ಊರಿನವರ ಕರಡಿನಲ್ಲಿ ಕಥೆ ಆರು ವರ್ಷದ ಹಿಂದಿನ ಮೊದಲ ಅರ್ಜಿಯಿಂದ ಶುರುವಾಗಿತ್ತು. ಹಾಗೇ ಕಳಿಸಿದ್ದರೆ ಅವಧಿ ಮೀರಿದ ದೂರೆಂದು ವಾಪಸು ಬರುವ ಅಪಾಯವಿತ್ತು. ಹುಡುಗಿ ಜಾರಿದ ದಿನದಿಂದ ಎಣಿಸಿದೆವು. ಒಂದು ವರ್ಷಕ್ಕೆ ಇನ್ನು ಮೂರು ವಾರ ಉಳಿದಿತ್ತು. ಶಾಲೆ ಬಿಟ್ಟದ್ದಂತೂ ಅದೇ ತಿಂಗಳು. ಹಳೆಯ ಅರ್ಜಿಗಳನ್ನು ಹಿನ್ನೆಲೆಯಾಗಿ ಮಾತ್ರ ಇಟ್ಟೆವು.

ಮೂರನೆಯದು, ಯಾವ ಆಯೋಗ. ಮಕ್ಕಳ ವಿಷಯವಾದ್ದರಿಂದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಹೋಗಬಹುದಿತ್ತು. ಎರಡಕ್ಕೂ ಹಾಕೋಣ ಎಂದು ನಮ್ಮಲ್ಲಿ ಒಬ್ಬರ ಒತ್ತಾಯ. ಆದರೆ ಕಾನೂನಿನಡಿ ರಚಿತವಾದ ಬೇರೊಂದು ಆಯೋಗದ ಮುಂದೆ ಬಾಕಿ ಇರುವ ವಿಷಯವನ್ನು ಮಾನವ ಹಕ್ಕುಗಳ ಆಯೋಗ ವಿಚಾರಿಸುವಂತಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಎರಡು ದೋಣಿಯಲ್ಲಿ ಕಾಲಿಟ್ಟರೆ ಎರಡೂ ತಪ್ಪಬಹುದು. ಹುಡುಗಿಯ ಶಾಲೆಯ ಜೊತೆಗೆ ರೇಷನ್ನು, ಹೆರಿಗೆ, ಮುದುಕರ ಔಷಧಿ ಎಲ್ಲ ಸೇರಿದ್ದರಿಂದ ಒಂದನ್ನೇ ಹಿಡಿದೆವು.

ನಾಲ್ಕನೆಯದೇ ಕಷ್ಟದ್ದು. ಯಾರ ಸಹಿ? ಹೆಸರಿಲ್ಲದ ದೂರನ್ನು ಆಯೋಗ ತೆಗೆದುಕೊಳ್ಳುವುದಿಲ್ಲ. ನೊಂದವರ ಪರವಾಗಿ ಬೇರೆಯವರು ಸಹಿ ಮಾಡಬಹುದು, ನಾನೇ ಮಾಡುತ್ತೇನೆ ಎಂದೆ. ಅಜ್ಜಿಗೆ ಭಯ: ‘ಜಾಗದ್ದೇ ಕಾಗ್ದ ಆಗ್ಲಿಲ್ಲ, ಇನ್ನು ದೂರು ಬೇರೆ ಕೊಟ್ರೆ ಎಬ್ಬಿಸಿದ್ರೆ ಎಂತ ಮಾಡೂದು?’ ಅದು ಸುಮ್ಮನೆ ಹುಟ್ಟಿದ ಭಯವಲ್ಲ, ಅವರು ಒಮ್ಮೆ ಎಬ್ಬಿಸಿಕೊಂಡು ಬಂದವರು. 2006ರ ಅರಣ್ಯ ಹಕ್ಕು ಕಾಯ್ದೆಯ 4(5)ನೇ ಕಲಮಿನ ಪ್ರಕಾರ, ಅರ್ಜಿಯ ಪರಿಶೀಲನೆ ಪೂರ್ತಿ ಮುಗಿಯುವ ತನಕ ಅರಣ್ಯವಾಸಿಗಳನ್ನು ಒಕ್ಕಲೆಬ್ಬಿಸುವಂತಿಲ್ಲ. ಅವರ ಅರ್ಜಿ ಬಾಕಿ ಇತ್ತು. ಅದನ್ನು ಓದಿ ಹೇಳಿದೆವು. ಎರಡು ದಿನ ಬಿಟ್ಟು ತಾಯಿಯೇ ಬಂದು ಸಹಿ ಮಾಡಿದರು. ಹೆಬ್ಬೆಟ್ಟಲ್ಲ, ನಿಧಾನಕ್ಕೆ ಒಂದೊಂದೇ ಅಕ್ಷರ ಬರೆದು ಮಾಡಿದ ಸಹಿ.

ವರದಿ ಬಂತು

ಆಯೋಗ ದೂರನ್ನು ದಾಖಲಿಸಿ, ಸಂಬಂಧಪಟ್ಟ ಅಧಿಕಾರಿಗಳಿಂದ ವರದಿ ತರಿಸಿತು. ವರದಿಯ ಪ್ರತಿಯನ್ನು ದೂರುದಾರರಿಗೆ ಕಳಿಸಿ ‘ಇದಕ್ಕೆ ನಿಮ್ಮ ಅಭಿಪ್ರಾಯ ತಿಳಿಸಿ’ ಎಂದು ಕೇಳಿತು. ಎಲ್ಲವೂ ಕೈತಪ್ಪಿ ಹೋಗುವ ಹಂತ ಇದೇ. ಗಡುವಿನೊಳಗೆ ಉತ್ತರ ಹೋಗದಿದ್ದರೆ, ದೂರುದಾರರು ಹೇಳುವುದೇನೂ ಇಲ್ಲವೆಂದು ವರದಿಯ ಆಧಾರದಲ್ಲೇ ಕಡತ ಮುಚ್ಚಬಹುದು. ವರದಿ ಬರೆದವರು ಯಾರು? ಯಾರ ಮೇಲೆ ದೂರೋ ಅದೇ ಕಚೇರಿಯವರು.

ಆ ಪತ್ರ ಹುಬ್ಬೆ ಮಳೆಯಲ್ಲಿ ಬಂತು. ಹಳ್ಳ ತುಂಬಿತ್ತು. ಅಂಚೆಯವರು ಎಂದಿನಂತೆ ರಸ್ತೆ ಬದಿಯ ಕಿರಾಣಿ ಅಂಗಡಿಯಲ್ಲಿ ಕೊಟ್ಟು ಹೋದರು. ಅಂಗಡಿಯವರು ಅದನ್ನು ಬೀಡಿಕಟ್ಟಿನ ಡಬ್ಬಿಯ ಹಿಂದೆ ಜೋಪಾನವಾಗಿಟ್ಟರು. ಹತ್ತೊಂಬತ್ತು ದಿನ ಅದು ಅಲ್ಲೇ ಇತ್ತು. ನೀರು ಇಳಿದು ಹುಡುಗಿಯ ಅಪ್ಪ ಉಪ್ಪು ತರಲು ದಾಟಿ ಬಂದ ದಿನ ಕೈಗೆ ಸಿಕ್ಕಿತು. ಲಕೋಟೆಯ ಒಂದು ಮೂಲೆ ತೇವ ಹಿಡಿದು ಅಕ್ಷರ ಕದಡಿತ್ತು. ಗಡುವಿಗೆ ಹನ್ನೊಂದು ದಿನ ಉಳಿದಿತ್ತು.

ವರದಿ ಒಂದೂವರೆ ಪುಟ. ಊರಿಗೆ ಬದಲಿ ರಸ್ತೆ ಇದೆ. ನಿವಾಸಿಗಳು ಅರಣ್ಯ ಒತ್ತುವರಿದಾರರು. ಕಾಲುಸಂಕದ ಪ್ರಸ್ತಾವನೆ ಅನುದಾನದ ಲಭ್ಯತೆಯ ಮೇಲೆ ಪರಿಶೀಲನೆಯಲ್ಲಿದೆ. ಕೊನೆಯ ಸಾಲು: ವಿದ್ಯಾರ್ಥಿನಿಯು ಮನೆಯ ಕಾರಣದಿಂದ ಶಾಲೆ ಬಿಟ್ಟಿದ್ದು, ಇದರಲ್ಲಿ ಇಲಾಖೆಯ ಲೋಪವಿರುವುದಿಲ್ಲ.

ಕೊನೆಯ ಸಾಲು ಓದಿದಾಗ ತಾಯಿ ಕೇಳಿದರು: ‘ನಾನೇ ಬಿಡ್ಸಿದ್ದು ಹೌದಲ, ಅಕ್ಕ. ಹಂಗಾರೆ ಅವ್ರು ಬರ್ದಿದ್ದು ಸರಿಯನ?’ ಒಂದು ಸರ್ಕಾರಿ ವಾಕ್ಯಕ್ಕೆ ಮನುಷ್ಯರನ್ನು ಎಷ್ಟು ಕುಗ್ಗಿಸುವ ಶಕ್ತಿ ಇದೆಯೆಂದು ಅವತ್ತು ನೋಡಿದೆ.

ಎರಡನೇ ಪತ್ರ

ಸಿಟ್ಟಿನಲ್ಲಿ ಉತ್ತರ ಬರೆಯುವುದು ಸುಲಭ. ನಮ್ಮ ಮೊದಲ ಕರಡಿನ ತುಂಬ ಸಿಟ್ಟೇ ಇತ್ತು. ಅದನ್ನು ಹರಿದುಹಾಕಿದೆವು. ವರದಿಯ ಒಂದೊಂದು ವಾಕ್ಯವನ್ನೂ ಎತ್ತಿ ಬರೆದು, ಅದರ ಕೆಳಗೆ ಒಂದು ದಾಖಲೆ ಇಡುವುದು, ದಾಖಲೆ ಇಲ್ಲದ ಒಂದು ಮಾತನ್ನೂ ಬರೆಯದಿರುವುದು ಎಂದು ನಿಶ್ಚಯಿಸಿದೆವು.

ಬದಲಿ ರಸ್ತೆಯನ್ನು ನಡೆದೇ ನೋಡಿದೆವು. ಬೆಳಿಗ್ಗೆ 6.40ಕ್ಕೆ ಹುಡುಗಿ, ಅವಳ ತಮ್ಮ, ನಾನು, ನಮ್ಮ ಗುಂಪಿನ ಇನ್ನೊಬ್ಬರು ಹೊರಟೆವು. ಗುಡ್ಡ ಹತ್ತಿ, ದಟ್ಟ ಕಾಡಿನ ಜಾಡಿನಲ್ಲಿ ಇಳಿದು, ಇನ್ನೊಂದು ಊರಿನ ಗದ್ದೆ ಬದುವಿನ ಮೇಲೆ ಸಾಗಿ ಶಾಲೆ ಮುಟ್ಟಿದಾಗ 9.25. ಫೋನು ತೋರಿಸಿದ ದೂರ ಒಂಬತ್ತೂವರೆ ಕಿಲೋಮೀಟರು. ದಾರಿಯಲ್ಲಿ ಕಾಟಿಯ ಹಸಿ ಹೆಜ್ಜೆ. ಶಾಲೆಯ ಮೆಟ್ಟಿಲ ಮೇಲೆ ಕೂತು ತಮ್ಮನ ಕಾಲಿಂದ ಉಂಬಳ ಕಿತ್ತೆವು, ಹದಿನಾಲ್ಕು. ಸಂಕದ ದಾರಿಯಲ್ಲಿ ಅದೇ ಶಾಲೆ ಎರಡೂವರೆ ಕಿಲೋಮೀಟರು. ಹೊರಟ ಹೊತ್ತು, ಮುಟ್ಟಿದ ಹೊತ್ತು, ನಡುವಿನ ಆರು ಜಾಗದ ಫೋಟೋ ಎಲ್ಲ ಸೇರಿಸಿ ಒಂದು ಹಾಳೆ ಮಾಡಿದೆವು. ವಿಶೇಷಣ ಒಂದೂ ಇರಲಿಲ್ಲ.

ಒತ್ತುವರಿ ಎಂಬ ಮಾತಿಗೆ ಉತ್ತರ ಅಜ್ಜಿಯ ತಗಡಿನ ಪೆಟ್ಟಿಗೆಯಲ್ಲಿ ಸಿಕ್ಕಿತು. ಮದುವೆ ಸೀರೆಯ ಮಡಿಕೆಯೊಳಗೆ, ನಾಲ್ಕು ಮಡಿಕೆಯಾದ ಒಂದು ಹಳದಿ ಕಾಗದ. ಮುಳುಗಡೆ ಕುಟುಂಬವನ್ನು ಇಂಥ ಕಡೆ ಕಳಿಸಲಾಗಿದೆ ಎಂದು ಬರೆದು, ಕೆಳಗೆ ಮೊಹರು. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು. ಅವರನ್ನು ಅಲ್ಲಿ ಇಳಿಸಿದ್ದು ಸರ್ಕಾರ ಎಂದು ಸರ್ಕಾರದ್ದೇ ಕಾಗದ ಹೇಳುತ್ತಿತ್ತು. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಇದ್ದದ್ದನ್ನು ತೋರಿಸಬೇಕೆಂಬ ನಿಯಮ, 1964ರ ಸುಮಾರಿಗಷ್ಟೇ ಇಲ್ಲಿಗೆ ಬಂದ ಶರಾವತಿ ಮುಳುಗಡೆಯವರ ಕೊರಳಿಗೆ ಹೇಗೆ ಬಿಗಿಯುತ್ತದೆಂದು ಈ ಕಡೆಯವರಿಗೆಲ್ಲ ಗೊತ್ತು. ಆ ಜಗಳವನ್ನು ಈ ಪತ್ರದಲ್ಲಿ ತೆಗೆಯಬಾರದು ಎಂದು ತೀರ್ಮಾನಿಸಿದೆವು. ಜಾಗದ ಹಕ್ಕು ಬೇರೆ, ದಾರಿಯ ಹಕ್ಕು ಬೇರೆ.

ದಾರಿಗೆ ಕಾನೂನಿನಲ್ಲೇ ಜಾಗವಿತ್ತು. ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆಯಂಥ ಸೌಲಭ್ಯಗಳಿಗೆ ಅರಣ್ಯ ಭೂಮಿ ಕೊಡಲು ಅವಕಾಶ ಮಾಡಿದೆ. ಪ್ರತಿ ಕೆಲಸಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ಕಡತ ದಿಲ್ಲಿಗೆ ಹೋಗಬೇಕಿಲ್ಲ, ವಿಭಾಗದ ಅರಣ್ಯಾಧಿಕಾರಿ (ಡಿಎಫ್‌ಒ) ಹಂತದಲ್ಲೇ ಒಪ್ಪಿಗೆ ಕೊಡಬಹುದು. ಸಂಕಕ್ಕೆ ಬೇಕಿದ್ದದ್ದು ಎರಡೂ ದಡದಲ್ಲಿ ಒಂದೊಂದು ಕೋಣೆಯಷ್ಟು ಜಾಗ. ಕಡಿಯಬೇಕಾದ ಮರ ಒಂದೂ ಇಲ್ಲ. ಕಾಲುಸಂಕವನ್ನು ರಸ್ತೆ ಎನ್ನಬಹುದೇ ಎಂಬ ಪ್ರಶ್ನೆ ನಮ್ಮಲ್ಲೇ ಎದ್ದಿತ್ತು. ಹಳ್ಳದ ಮೇಲೆ ಹೋಗುವ ದಾರಿಯ ತುಂಡೇ ಸಂಕ ಎಂದು ಬರೆದೆವು.

ಉಳಿದದ್ದು ‘ಮನೆಯ ಕಾರಣ’. ಅದಕ್ಕೆ ದಾಖಲೆ ಎಲ್ಲಿಂದ ತರುವುದು? ಮಾಹಿತಿ ಹಕ್ಕಿನಲ್ಲಿ ಕೇಳಲು 30 ದಿನ ಬೇಕು, ನಮಗಿದ್ದದ್ದು ಹನ್ನೊಂದು. ಶಾಲೆಯ ಮುಖ್ಯೋಪಾಧ್ಯಾಯಿನಿಯ ಬಳಿ ಹೋಗಿ ವಿಷಯ ಹೇಳಿದೆವು. ಅವರು ಮಾತಾಡದೆ ಕಪಾಟು ತೆರೆದು ಹಿಂದಿನ ವರ್ಷದ ಹಾಜರಿ ಪುಸ್ತಕ ಹೊರತೆಗೆದು ಮೇಜಿನ ಮೇಲೆ ಬಿಚ್ಚಿದರು. ಜುಲೈ ಪುಟದಲ್ಲಿ ಹುಡುಗಿಯ ಸಾಲಿನಲ್ಲಿ ಬೆರಳಿಟ್ಟು ಎಣಿಸುತ್ತಾ ಹೋದೆ. ಹಳ್ಳದಾಚೆಯ ಇನ್ನೂ ಮೂರು ಮಕ್ಕಳು ಬೇರೆ ಬೇರೆ ಕ್ಲಾಸಿನಲ್ಲಿದ್ದರು. ಆ ಪುಟಗಳನ್ನೂ ಪಕ್ಕದಲ್ಲಿಟ್ಟಾಗ ನಮ್ಮ ಗುಂಪಿನ ಹುಡುಗನ ಕಣ್ಣಿಗೆ ಬಿತ್ತು: ಗೈರುಹಾಜರಿ ಗುರುತು ನಾಲ್ವರಿಗೂ ಒಂದೇ ತಾರೀಖಿಗೆ ಶುರುವಾಗಿ, ಒಂದೇ ತಾರೀಖಿಗೆ ಮುಗಿದಿತ್ತು. ನಾಲ್ಕು ಮಕ್ಕಳು, ಮೂರು ಮನೆ, ಮೂರು ಪುಟ. ಈಚೆ ದಡದ ಮಕ್ಕಳ ಸಾಲಿನಲ್ಲಿ ಅದೇ ದಿನಗಳಲ್ಲಿ ಹಾಜರಿ.

ಮನೆಯ ಕಾರಣ ಮೂರು ಮನೆಗೂ ಒಂದೇ ಬೆಳಿಗ್ಗೆ ಬರುವುದಿಲ್ಲ. ಆ ಪುಟಗಳ ದೃಢೀಕರಿಸಿದ ಪ್ರತಿಗಳನ್ನು ಮುಖ್ಯೋಪಾಧ್ಯಾಯಿನಿ ಅವತ್ತೇ ಮೊಹರು ಹಾಕಿ ಕೊಟ್ಟರು. ಮೇಲಿನವರು ಕೇಳಿದರೆ ಏನು ಹೇಳುತ್ತೀರಿ ಎಂದೆ. ‘ನಾನೇ ಬರ್ದ ಹಾಜರಿ, ನಾನೇ ಹೇಳ್ತೀನಿ’ ಎಂದರು. ಈ ಪ್ರಕರಣ ತಿರುಗಿದ್ದು ಆ ಕಪಾಟಿನ ಮುಂದೆ.

ಗಡುವಿಗೆ ಎರಡು ದಿನ ಮೊದಲು ಪತ್ರ ಬೆಂಗಳೂರು ಮುಟ್ಟಿತು. ಈ ಸಲ ದೂರುದಾರರ ವಿಳಾಸದ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೆವು: ಮಳೆಗಾಲದಲ್ಲಿ ಈ ವಿಳಾಸಕ್ಕೆ ಅಂಚೆ ತಲುಪುವುದಿಲ್ಲ, ಪ್ರತಿಯನ್ನು ಕೆಳಗಿನ ವಿಳಾಸಕ್ಕೂ ಕಳಿಸಬೇಕಾಗಿ ವಿನಂತಿ.

ಆಮೇಲೆ

ನವೆಂಬರಿನಲ್ಲಿ ಆಯೋಗ, ಸ್ಥಳಕ್ಕೇ ಹೋಗಿ ನೋಡಿ ಹೊಸ ವರದಿ ಕೊಡುವಂತೆ ಮೇಲಿನ ಹಂತದ ಅಧಿಕಾರಿಗೆ ಸೂಚಿಸಿತು. ಬಂದ ಅಧಿಕಾರಿ ಬದಲಿ ರಸ್ತೆಯಲ್ಲಿ ಅರ್ಧ ಗಂಟೆ ನಡೆದು ವಾಪಸು ಬಂದರು. ಹಳ್ಳದ ದಡದಲ್ಲಿ ನಿಂತು ಟೇಪು ಹಿಡಿಸಿದರು. ಅವರ ಹೊಸ ವರದಿಯಲ್ಲಿ ‘ಬದಲಿ ರಸ್ತೆ’ ಎಂಬ ಮಾತಿರಲಿಲ್ಲ.

ನಡುವೆ ಒಂದು ತೊಡಕಾಯಿತು, ಅದಕ್ಕೆ ನಮ್ಮ ಅವಸರವೇ ಕಾರಣ. ಪಂಚಾಯಿತಿ ಸದಸ್ಯರ ಸಾಮಾನ್ಯ ಸಭೆಯ ಠರಾವನ್ನೇ ಅರಣ್ಯ ಕಚೇರಿಗೆ ಕೊಟ್ಟುಬಿಟ್ಟಿದ್ದೆವು. ಬೇಕಿದ್ದದ್ದು ಗ್ರಾಮಸಭೆಯ ಠರಾವು. ಅದಕ್ಕೆ ಅರ್ಧದಷ್ಟು ಜನರ ಕೋರಂ ಬೇಕು, ಹೆಂಗಸರೂ ಇರಬೇಕು. ಆರು ವಾರ ಹೋಯಿತು. ಜನವರಿಯಲ್ಲಿ ಶಾಲೆಯ ಹಾಲಿನಲ್ಲಿ ಸಭೆ ಸೇರಿತು. ಅಡಿಕೆ ಸುಗ್ಗಿಯ ನಡುವೆ, ಸುಲಿಯುವ ಕೆಲಸ ಬಿಟ್ಟು, ಚೊಗರು ಹತ್ತಿದ ಕಪ್ಪು ಕೈಗಳಲ್ಲೇ ಹೆಂಗಸರು ಬಂದು ಸಹಿ ಹಾಕಿದರು. ಮಾರ್ಚ್‌ನಲ್ಲಿ ಒಪ್ಪಿಗೆ. ಕಬ್ಬಿಣದ ಸಂಕ, ಎರಡೂ ಪಕ್ಕ ಕೈ ಹಿಡಿಯಲು ಕಂಬಿ. ಜೂನ್ ಮೊದಲ ವಾರ ಕೊನೆಯ ಬೋಲ್ಟು ಬಿಗಿಯುವಾಗ ಮಳೆ ಶುರುವಾಗಿತ್ತು.

ಇನ್ನು ನಮ್ಮ ತಪ್ಪಿನ ವಿಷಯ. ವಿಚಾರಣೆ ನಡೆಯುತ್ತಿರುವಾಗಲೇ, ಯಾವ ಹಂತದಲ್ಲಾದರೂ, ನೊಂದವರಿಗೆ ತಕ್ಷಣದ ಮಧ್ಯಂತರ ಪರಿಹಾರ ಕೊಡುವಂತೆ ಶಿಫಾರಸು ಮಾಡಲು ಆಯೋಗಕ್ಕೆ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 18ನೇ ಕಲಮಿನಲ್ಲಿ ಅಧಿಕಾರವಿದೆ. ಅದು ನನಗೆ ಗೊತ್ತಿತ್ತು. ಮೊದಲ ಪತ್ರದಲ್ಲಿ ‘ಸಂಕ ಆಗುವ ತನಕ ಈ ಹುಡುಗಿಗೆ ಹಾಸ್ಟೆಲಿನಲ್ಲಿ ಜಾಗ ಕೊಡಿಸಿ’ ಎಂದು ಒಂದು ಸಾಲು ಬರೆಯಬಹುದಿತ್ತು. ಸಂಕದ ಮೇಲೇ ಕಣ್ಣಿಟ್ಟು ಆ ಸಾಲು ಬರೆಯಲಿಲ್ಲ. ದೂರಿನಿಂದ ಸಂಕದವರೆಗೆ ಹನ್ನೊಂದು ತಿಂಗಳು ಹಿಡಿಯಿತು. ಆಯೋಗದ ಲೆಕ್ಕಕ್ಕೆ ಅದು ನಿಧಾನವೇನಲ್ಲ. ಹದಿಮೂರರ ಹುಡುಗಿಗೆ ಅದು ಒಂದು ಇಡೀ ಕ್ಲಾಸು. ಸಂಕ ಆದ ಮೇಲೆ ಮೇಷ್ಟ್ರು, ನಾವು, ತಾಯಿ ಎಲ್ಲ ಕರೆದೆವು. ತನಗಿಂತ ಚಿಕ್ಕವರ ಜೊತೆ ಎಂಟನೇ ಕ್ಲಾಸಿನಲ್ಲಿ ಕೂರಲು ಅವಳು ಒಪ್ಪಲಿಲ್ಲ. ಈಗ ತಾಲ್ಲೂಕು ಕೇಂದ್ರದಲ್ಲಿ ಹೊಲಿಗೆ ಕಲಿಯುತ್ತಿದ್ದಾಳೆ. ಅವಳ ತಮ್ಮ ಒಂದು ದಿನವೂ ಶಾಲೆ ತಪ್ಪಿಸಿಲ್ಲ. ಅಂದಿನಿಂದ ನಾವು ಬರೆಯುವ ಪ್ರತಿ ದೂರಿನ ಕೊನೆಯಲ್ಲೂ, ಅಂತಿಮ ಕೋರಿಕೆಗಿಂತ ಮೊದಲು, ‘ತಕ್ಷಣಕ್ಕೆ ಬೇಕಾದದ್ದು’ ಎಂಬ ಶೀರ್ಷಿಕೆ ಇರುತ್ತದೆ. ಪ್ರತಿ ಸಲ ಅದನ್ನು ಬರೆಯುವಾಗ ಆ ಹುಡುಗಿಯೇ ಕಣ್ಣ ಮುಂದೆ ಬರುತ್ತಾಳೆ.

ಆ ಜುಲೈಯಲ್ಲಿ, ಪುನರ್ವಸು ಮಳೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ, ನಾನು ಅವರ ಮನೆಯ ಜಗುಲಿಯಲ್ಲಿದ್ದೆ. ಅಂಚೆಯವರು ಕೊಡೆ ಮಡಿಸುತ್ತಾ ಅಂಗಳಕ್ಕೆ ಬಂದರು. ಆಯೋಗದ ಲಕೋಟೆ. ಸಂಕ ಪೂರ್ಣಗೊಂಡ ವರದಿ ಬಂದಿರುವುದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ ಎಂಬ ಒಂದು ಪುಟ. ಅಜ್ಜಿ ಅದನ್ನು ನನ್ನ ಕೈಗೆ ಕೊಡಲಿಲ್ಲ. ಒಳಗಿದ್ದ ಮೊಮ್ಮಗಳನ್ನು ಕರೆದರು. ಅವಳು ಬಾಗಿಲಿಗೆ ಒರಗಿ ನಿಂತು, ಸೂಜಿ ದಾರ ಇನ್ನೂ ಕೈಯಲ್ಲಿರುವಾಗಲೇ, ತಡವರಿಸದೆ ಮೊದಲಿಂದ ಕೊನೆಯವರೆಗೆ ಓದಿದಳು.